ಕಾಲೇಜಿನ ತಂತ್ರಾಂಶ ಬದಲಾದರೆ ನಷ್ಟ ಯಾರಿಗೆ? ದಹಿಸರ್‌ನ ವಿದ್ಯಾರ್ಥಿಗಳು ತಿಳಿಯಬೇಕಾದ ಮುಂಬೈ ವಿವಿಯ ಪಾಠ

ಮುಂಬೈ: ಮಹಾನಗರದ ಉತ್ತರದ ತುದಿಯಲ್ಲಿರುವ ದಹಿಸರ್‌ನ ಪದವಿ ಕಾಲೇಜುಗಳಲ್ಲಿ ಪ್ರವೇಶದ ಅರ್ಜಿ, ಶುಲ್ಕ, ಹಾಲ್ ಟಿಕೆಟ್, ಅಂಕಪಟ್ಟಿ ಎಲ್ಲವೂ ಈಗ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತವೆ. ಆ ಪರದೆಯ ಹಿಂದಿರುವ ತಂತ್ರಾಂಶ ಮಾತ್ರ ಒಂದೇ ಆಗಿ ಉಳಿದಿಲ್ಲ. ಮುಂಬೈ ವಿಶ್ವವಿದ್ಯಾಲಯದ ಪದವಿ ಪ್ರವೇಶದ ಪೂರ್ವ ನೋಂದಣಿ ಬಹುಕಾಲ ಮಹಾರಾಷ್ಟ್ರ ನಾಲೆಡ್ಜ್ ಕಾರ್ಪೊರೇಷನ್ (ಎಂಕೆಸಿಎಲ್) ರೂಪಿಸಿದ ‘ಡಿಜಿಟಲ್ ಯೂನಿವರ್ಸಿಟಿ’ ಪೋರ್ಟಲ್‌ನಲ್ಲಿ ನಡೆಯುತ್ತಿತ್ತು. 2024-25ರ ಶೈಕ್ಷಣಿಕ ವರ್ಷಕ್ಕೆ ಅದು ‘ಸಮರ್ಥ್’ ಪೋರ್ಟಲ್‌ಗೆ ಬಂತು.

ಇದು ಕಚೇರಿಯೊಳಗಿನ ವಿಷಯ, ವಿದ್ಯಾರ್ಥಿಗೇನು ಎಂದು ಕೇಳಬಹುದು. ಆದರೆ ಮುಂಬೈ ವಿವಿಯ 2017ರ ಫಲಿತಾಂಶದ ಗೊಂದಲ, ಕರ್ನಾಟಕದ ಯುಯುಸಿಎಂಎಸ್ ಅನುಭವ ಮತ್ತು ವಿದೇಶದ ಉದಾಹರಣೆಯೊಂದು ತೋರಿಸುವುದು ಒಂದೇ ಸಂಗತಿಯನ್ನು. ತಂತ್ರಾಂಶ ಬದಲಿಸುವ ನಿರ್ಧಾರ ಮೇಲಿನವರದು, ಅದು ಎಡವಿದಾಗ ಕಳೆದುಹೋಗುವ ಸಮಯ ಮತ್ತು ಅವಕಾಶ ವಿದ್ಯಾರ್ಥಿಯದು.

ಏನಿದು ಸಮರ್ಥ್?

ಸಮರ್ಥ್ ಕೇಂದ್ರ ಶಿಕ್ಷಣ ಸಚಿವಾಲಯದ ಯೋಜನೆಯಡಿ ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಆಡಳಿತ ತಂತ್ರಾಂಶ. ಪ್ರವೇಶ, ಪರೀಕ್ಷೆ, ಶುಲ್ಕ, ಸಿಬ್ಬಂದಿಯ ರಜೆ, ವೇತನ ಹೀಗೆ ವಿಶ್ವವಿದ್ಯಾಲಯದ ಬೇರೆ ಬೇರೆ ಕೆಲಸಗಳಿಗೆ ಇದರಲ್ಲಿ ಪ್ರತ್ಯೇಕ ವಿಭಾಗಗಳಿವೆ. ಬೇಕಾದ ವಿಭಾಗವನ್ನಷ್ಟೇ ಮೊದಲು ತೆಗೆದುಕೊಂಡು, ಉಳಿದದ್ದನ್ನು ಆಮೇಲೆ ಸೇರಿಸಿಕೊಳ್ಳಬಹುದು.

ಎಲ್ಲವೂ ಒಂದೇ ಕಡೆ ಸಿಗಬೇಕು ಎನ್ನುವುದಕ್ಕೆ ಕಾರಣವೂ ಇದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಭಾಗವಾಗಿ 2021ರ ಜುಲೈನಲ್ಲಿ ಆರಂಭವಾದ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್‌ನಲ್ಲಿ ಪ್ರತಿ ವಿದ್ಯಾರ್ಥಿ ಗಳಿಸಿದ ಕ್ರೆಡಿಟ್ ಜಮೆಯಾಗಬೇಕು. 12 ಅಂಕಿಗಳ ‘ಅಪಾರ್’ ಗುರುತಿನ ಸಂಖ್ಯೆ ಇದಕ್ಕೆ ಕೊಂಡಿ. ಒಂದು ಕಾಲೇಜು ಬಿಟ್ಟು ಇನ್ನೊಂದಕ್ಕೆ ಸೇರಿದರೂ, ಓದು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮುಂದುವರಿಸಿದರೂ ಹಳೆಯ ಕ್ರೆಡಿಟ್ ಉಳಿಯಬೇಕು ಎಂಬುದು ಆಶಯ. ಮಹಾರಾಷ್ಟ್ರದ ಸಂಯೋಜಿತ ಕಾಲೇಜುಗಳಿಗೆ ಈ ನೀತಿ ಬಂದದ್ದು 2024-25ರಲ್ಲಿ. ಅಂದರೆ ಪಠ್ಯಕ್ರಮ ಬದಲಾದ ವರ್ಷವೇ ಪೋರ್ಟಲ್ ಕೂಡ ಬದಲಾಯಿತು.

ದಹಿಸರ್‌ನ ಕಾಲೇಜಿಗೆ ಆಯ್ಕೆ ಎಷ್ಟು?

ದಹಿಸರ್‌ನ ಕಾಲೇಜುಗಳು ಮುಂಬೈ ವಿವಿಗೆ ಸಂಯೋಜಿತವಾದವು. ಸಂಯೋಜಿತ ಕಾಲೇಜು ತನ್ನ ಶುಲ್ಕ, ಹಾಜರಾತಿ, ಗ್ರಂಥಾಲಯಕ್ಕೆ ಬೇಕಾದ ಖಾಸಗಿ ತಂತ್ರಾಂಶ ಕೊಳ್ಳಬಹುದು. ಆದರೆ ವಿದ್ಯಾರ್ಥಿಯ ನೋಂದಣಿ, ಅರ್ಹತೆ, ಕೊನೆಯ ವರ್ಷದ ಪರೀಕ್ಷೆಗೆ ವಿವಿಯ ಪೋರ್ಟಲ್ ಬಳಸದೆ ಬೇರೆ ದಾರಿ ಇಲ್ಲ. ಹೀಗಾಗಿ ಒಂದೇ ಕಚೇರಿಯ ಒಂದೇ ಮೇಜಿನ ಮೇಲೆ ಕಾಲೇಜಿನದೊಂದು, ವಿವಿಯದೊಂದು ಎಂದು ಎರಡು ವ್ಯವಸ್ಥೆಗಳು. ಎರಡರಲ್ಲೂ ಅದೇ ವಿದ್ಯಾರ್ಥಿಯ ಮಾಹಿತಿ ತಾಳೆಯಾಗಬೇಕು.

ಮುಂಬೈ ವಿವಿಯ ಪದವಿ ಪರೀಕ್ಷೆಗಳ ರೂಢಿ ಈ ಕಷ್ಟವನ್ನು ಹೆಚ್ಚಿಸುತ್ತದೆ. ಕಲೆ, ವಾಣಿಜ್ಯ, ವಿಜ್ಞಾನ ಪದವಿಯ ಮೊದಲ ನಾಲ್ಕು ಸೆಮಿಸ್ಟರ್‌ಗಳ ಪರೀಕ್ಷೆಯನ್ನು ವಿವಿಯ ಪರವಾಗಿ ಕಾಲೇಜೇ ನಡೆಸುತ್ತ ಬಂದಿದೆ. 5 ಮತ್ತು 6ನೇ ಸೆಮಿಸ್ಟರ್ ವಿವಿಯದು. ಅಂತಿಮ ಅಂಕಪಟ್ಟಿ ಸಿಗಬೇಕಾದರೆ ಕಾಲೇಜಿನ ದಾಖಲೆಯಲ್ಲಿರುವ ಮೊದಲ ಎರಡು ವರ್ಷದ ಅಂಕಗಳು ವಿವಿಯ ದಾಖಲೆಗೆ ಸರಿಯಾಗಿ ಸೇರಬೇಕು. ಒಂದು ವಿಷಯದ ಅಂಕ ಖಾಲಿ ಉಳಿದರೂ ಫಲಿತಾಂಶ ತಡೆಹಿಡಿಯಲ್ಪಡುತ್ತದೆ.

ಅದನ್ನು ಸರಿಪಡಿಸಿಕೊಳ್ಳಲು ವಿದ್ಯಾರ್ಥಿ ಮೊದಲು ಕಾಲೇಜಿನ ಕೌಂಟರ್‌ಗೆ ಹೋಗಬೇಕು. ಅಲ್ಲಿ ಆಗದಿದ್ದರೆ ಲೋಕಲ್ ರೈಲು ಹಿಡಿದು ಸಾಂತಾಕ್ರೂಜ್‌ನಲ್ಲಿ ಇಳಿದು, ಅಲ್ಲಿಂದ ಬಸ್ಸಿನಲ್ಲೋ ರಿಕ್ಷಾದಲ್ಲೋ ಕಲೀನಾದ ವಿದ್ಯಾನಗರಿ ಆವರಣದ ಪರೀಕ್ಷಾ ಭವನ ತಲುಪಬೇಕು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದ ನಂತರ ಕೆಲಸ ಎಂದು ದಿನ ಹಂಚಿಕೊಂಡಿರುವವರಿಗೆ ಒಂದು ತಿದ್ದುಪಡಿ ಎಂದರೆ ಒಂದು ದಿನದ ಸಂಬಳ. ಮೀರಾ ರೋಡ್, ನಾಲಾಸೋಪಾರಾ, ವಿರಾರ್‌ನಿಂದ ದಹಿಸರ್‌ಗೆ ಓದಲು ಬರುವವರಿಗೆ ದಾರಿ ಇನ್ನೂ ದೂರ.

2017: ಮುಂಬೈ ಕಂಡ ದೊಡ್ಡ ಎಡವಟ್ಟು

ತಂತ್ರಾಂಶ ಬದಲಾವಣೆ ಹೇಗೆ ಆಗಬಾರದು ಎಂಬುದಕ್ಕೆ ಮುಂಬೈಯಲ್ಲೇ ಉದಾಹರಣೆ ಇದೆ. 2017ರ ಬೇಸಿಗೆ ಪರೀಕ್ಷೆಗಳ ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ, ಅಧ್ಯಾಪಕರು ಕಂಪ್ಯೂಟರ್ ಪರದೆಯ ಮೇಲೆಯೇ ಮೌಲ್ಯಮಾಪನ ಮಾಡಬೇಕು ಎಂದು ವಿವಿ ನಿರ್ಧರಿಸಿತು. ಬೆಂಗಳೂರು ಮೂಲದ ಮೆರಿಟ್‌ಟ್ರ್ಯಾಕ್ ಸಂಸ್ಥೆಗೆ ಗುತ್ತಿಗೆ ಹೋಯಿತು. ಆದರೆ ಆ ಹೊತ್ತಿಗೆ ಪರೀಕ್ಷೆಗಳು ಶುರುವಾಗಿಬಿಟ್ಟಿದ್ದವು.

477 ಪರೀಕ್ಷೆಗಳು, 17 ಲಕ್ಷಕ್ಕೂ ಹೆಚ್ಚು ಉತ್ತರ ಪತ್ರಿಕೆಗಳು. ಒಂದು ವಿಭಾಗದಲ್ಲಿ ಪರೀಕ್ಷಿಸಿ ನೋಡಿ ಆಮೇಲೆ ವಿಸ್ತರಿಸುವ ಬದಲು ಎಲ್ಲ ವಿಭಾಗಗಳಿಗೂ ಒಂದೇ ಸಲ ಹೊಸ ಪದ್ಧತಿ ಬಂತು. ಅಧ್ಯಾಪಕರಿಗೆ ಲಾಗಿನ್ ಸಿಗಲಿಲ್ಲ, ಸರ್ವರ್ ನಿಧಾನವಾಯಿತು, ಉತ್ತರ ಪತ್ರಿಕೆಗಳು ಅದಲುಬದಲಾದವು, ಕೆಲವು ಪತ್ತೆಯೇ ಆಗಲಿಲ್ಲ. ಮಹಾರಾಷ್ಟ್ರ ಸಾರ್ವಜನಿಕ ವಿಶ್ವವಿದ್ಯಾಲಯಗಳ ಕಾಯ್ದೆಯ ಪ್ರಕಾರ ಪರೀಕ್ಷೆ ಮುಗಿದ 45 ದಿನಗಳೊಳಗೆ ಫಲಿತಾಂಶ ಬರಬೇಕು. ಕುಲಾಧಿಪತಿಯೂ ಆಗಿದ್ದ ಅಂದಿನ ರಾಜ್ಯಪಾಲ ಸಿ. ವಿದ್ಯಾಸಾಗರ ರಾವ್ ಜುಲೈ 31ರ ಗಡುವು ಕೊಟ್ಟರು. ಅದೂ ದಾಟಿತು. ಬಾಕಿ ಫಲಿತಾಂಶಗಳು ಸೆಪ್ಟೆಂಬರ್‌ವರೆಗೆ ಎಳೆದವು.

ಅಕ್ಟೋಬರ್‌ನಲ್ಲಿ ಕುಲಪತಿ ಸಂಜಯ್ ದೇಶ್‌ಮುಖ್ ಅವರನ್ನು ಹುದ್ದೆಯಿಂದ ತೆಗೆಯಲಾಯಿತು. 1857ರಲ್ಲಿ ಸ್ಥಾಪನೆಯಾದ ವಿವಿಯ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು. ಆದರೆ ಆ ಹೊತ್ತಿಗೆ ಸ್ನಾತಕೋತ್ತರ ಪ್ರವೇಶ, ವಿದೇಶದ ವಿವಿಗಳ ಗಡುವು, ಕೆಲಸದ ಆಹ್ವಾನ ಕೈತಪ್ಪಿದವರಿಗೆ ಹಿಂದಕ್ಕೆ ಸಿಗುವಂಥದ್ದು ಏನೂ ಉಳಿದಿರಲಿಲ್ಲ. ಕಾನೂನು ವಿದ್ಯಾರ್ಥಿಗಳು ಬಾಂಬೆ ಹೈಕೋರ್ಟ್ ಮೆಟ್ಟಿಲೇರಬೇಕಾಯಿತು.

ಪರದೆಯ ಮೇಲೆ ಮೌಲ್ಯಮಾಪನ ಮಾಡುವುದೇ ತಪ್ಪು ಎಂದು ಇದರ ಅರ್ಥವಲ್ಲ. ಪರೀಕ್ಷೆಯ ನಡುವೆ, ಪೂರ್ವತಯಾರಿಯಿಲ್ಲದೆ, ಹಿಂದಿರುಗಲು ದಾರಿ ಉಳಿಸಿಕೊಳ್ಳದೆ ಎಲ್ಲವನ್ನೂ ಒಂದೇ ಸಲ ಬದಲಿಸಿದ್ದು ತಪ್ಪಾಗಿತ್ತು.

ಕಷ್ಟ ಇರುವುದು ಹಳೆಯ ದಾಖಲೆಯಲ್ಲಿ

ಹೊಸ ತಂತ್ರಾಂಶಕ್ಕೆ ಹೊಸ ವಿದ್ಯಾರ್ಥಿಯ ಹೆಸರು ಸೇರಿಸುವುದು ಸುಲಭ. ಹಳೆಯ ವಿದ್ಯಾರ್ಥಿಯ ದಾಖಲೆ ಸಾಗಿಸುವುದು ಕಷ್ಟ. ಮುಂಬೈಯ ಪ್ರತಿ ಕಾಲೇಜಿನಲ್ಲೂ ಕೇಳಿಬರುವ ‘ಎಟಿಕೆಟಿ’ ಪದವನ್ನೇ ತೆಗೆದುಕೊಳ್ಳಬಹುದು. ಒಂದೆರಡು ವಿಷಯದಲ್ಲಿ ಅನುತ್ತೀರ್ಣನಾದರೂ ಮುಂದಿನ ತರಗತಿಗೆ ಹೋಗಲು ಸಿಗುವ ಅನುಮತಿ ಇದು. ಉಳಿದ ವಿಷಯವನ್ನು ಆಮೇಲೆ ಬರೆದು ಮುಗಿಸಬೇಕು. ಕೆಲಸಕ್ಕೆ ಸೇರಿ, ಮದುವೆಯಾಗಿ, ಐದಾರು ವರ್ಷದ ನಂತರ ಬಂದು ಬಾಕಿ ವಿಷಯ ಬರೆಯುವವರೂ ಇದ್ದಾರೆ.

ಅಷ್ಟರಲ್ಲಿ ಪದ್ಧತಿ ಬದಲಾಗಿರುತ್ತದೆ. ಮುಂಬೈ ವಿವಿಯಲ್ಲಿ ಹಳೆಯ ಅಂಕ ಪದ್ಧತಿಯ ಜಾಗಕ್ಕೆ ಕ್ರೆಡಿಟ್ ಮತ್ತು ಗ್ರೇಡ್ ಬಂದವು. 2016-17ರಿಂದ ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ, 2024-25ರಿಂದ ರಾಷ್ಟ್ರೀಯ ಶಿಕ್ಷಣ ನೀತಿಯ ಚೌಕಟ್ಟು. ಆಂತರಿಕ ಅಂಕ ಮತ್ತು ಲಿಖಿತ ಪರೀಕ್ಷೆಯ ಅಂಕಗಳ ಅನುಪಾತವೂ ನಡುನಡುವೆ ಬದಲಾಗಿದೆ. ಈ ಯಾವುದೇ ಪದ್ಧತಿಯಲ್ಲಿ ಒಂದು ವಿಷಯ ಬಾಕಿ ಉಳಿಸಿಕೊಂಡವರ ದಾಖಲೆ ಹೊಸ ತಂತ್ರಾಂಶಕ್ಕೂ ಅರ್ಥವಾಗಬೇಕು. ಅರ್ಥವಾಗದಿದ್ದರೆ ಪರದೆಯ ಮೇಲೆ ‘ಮಾಹಿತಿ ಲಭ್ಯವಿಲ್ಲ’ ಎಂದು ಬರುತ್ತದೆ. ಕಾಲೇಜಿನ ಹಳೆಯ ರಿಜಿಸ್ಟರ್‌ನಲ್ಲಿ ಎಲ್ಲವೂ ಇರುತ್ತದೆ, ಆದರೆ ರಿಜಿಸ್ಟರ್ ತೋರಿಸಿದರೆ ಹಾಲ್ ಟಿಕೆಟ್ ಮುದ್ರಣವಾಗುವುದಿಲ್ಲ.

ಈ ತೊಡಕುಗಳನ್ನು ಬಲ್ಲವರು ಕಚೇರಿಯ ಹಿರಿಯ ಕ್ಲರ್ಕ್‌ಗಳು. ಯಾವ ವರ್ಷ ಯಾವ ವಿಷಯಕ್ಕೆ ಯಾವ ಸಂಕೇತ ಇತ್ತು, ಯಾವ ಬ್ಯಾಚಿನ ಅಂಕಪಟ್ಟಿ ಎರಡು ಸಲ ಮುದ್ರಣವಾಯಿತು ಎಂಬುದು ಅವರಿಗೆ ನೆನಪಿರುತ್ತದೆ. ಅವರು ನಿವೃತ್ತರಾದರೆ ಆ ತಿಳಿವಳಿಕೆಯೂ ಅವರೊಂದಿಗೇ ಹೋಗುತ್ತದೆ. 2023ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದ ಬೋಧಕೇತರ ಸಿಬ್ಬಂದಿ ವೇತನದ ಬೇಡಿಕೆ ಇಟ್ಟು ಪರೀಕ್ಷಾ ಕೆಲಸ ಬಹಿಷ್ಕರಿಸಿದಾಗ, ಈ ವ್ಯವಸ್ಥೆ ಯಾರ ಹೆಗಲ ಮೇಲೆ ನಿಂತಿದೆ ಎಂಬುದು ಎಲ್ಲರಿಗೂ ಕಂಡಿತ್ತು. ತಂತ್ರಾಂಶ ಬದಲಾವಣೆಯ ಯೋಜನೆಗಳಲ್ಲಿ ಇವರಿಗೆ ಸಿಗುವುದು ಬಹುಮಟ್ಟಿಗೆ ಒಂದೆರಡು ದಿನದ ತರಬೇತಿ. ಏನನ್ನು ಸಾಗಿಸಬೇಕು, ಹೇಗೆ ಸಾಗಿಸಬೇಕು ಎಂಬ ಚರ್ಚೆಗೆ ಅವರನ್ನು ಕರೆಯುವುದು ಕಡಿಮೆ.

ತುಳು–ಕನ್ನಡಿಗರ ಹೆಸರಿನ ತೊಡಕು

ದಹಿಸರ್, ಬೊರಿವಲಿ, ಮೀರಾ ರೋಡ್ ಭಾಗದಲ್ಲಿ ನೆಲೆಸಿರುವ ತುಳು–ಕನ್ನಡಿಗ ಕುಟುಂಬಗಳಿಗೆ ಇನ್ನೊಂದು ತೊಡಕು ಇದೆ. ಮಹಾರಾಷ್ಟ್ರದ ಅರ್ಜಿಗಳು ಸಾಮಾನ್ಯವಾಗಿ ಅಡ್ಡಹೆಸರು, ಸ್ವಂತ ಹೆಸರು, ತಂದೆಯ ಹೆಸರು, ತಾಯಿಯ ಹೆಸರು ಎಂದು ಬೇರೆ ಬೇರೆ ಕಲಂ ಕೇಳುತ್ತವೆ. ದಕ್ಷಿಣ ಕರ್ನಾಟಕದ ಎಷ್ಟೋ ಹೆಸರುಗಳಲ್ಲಿ ಅಡ್ಡಹೆಸರೇ ಇಲ್ಲ, ಊರಿನ ಅಥವಾ ತಂದೆಯ ಹೆಸರಿನ ಇನಿಷಿಯಲ್ ಮಾತ್ರ ಇರುತ್ತದೆ. ಅಳಿಯಸಂತಾನದ ಹಿನ್ನೆಲೆಯ ತುಳು ಕುಟುಂಬಗಳಲ್ಲಿ ತಾಯಿಯ ಬರಿಯ ಹೆಸರು ಮಕ್ಕಳಿಗೆ ಬರುತ್ತದೆ. ಹಾಗಾಗಿ ತಂದೆ ಪೂಜಾರಿಯಾಗಿ, ಮಗಳು ಕೋಟ್ಯಾನ್ ಅಥವಾ ಸಾಲಿಯಾನ್ ಆಗಿರಬಹುದು. ಅದೇ ಹೆಸರನ್ನು ಇಂಗ್ಲಿಷ್‌ನಲ್ಲಿ ಬರೆಯುವಾಗ ಒಂದು ಕಡೆ ‘ಐ’, ಇನ್ನೊಂದು ಕಡೆ ‘ವೈ’.

ಕಾಗದದ ಕಾಲದಲ್ಲಿ ಇದು ದೊಡ್ಡ ಸಮಸ್ಯೆ ಆಗಿರಲಿಲ್ಲ. ಎರಡು ದಾಖಲೆ ನೋಡಿದ ಗುಮಾಸ್ತರು ಒಬ್ಬರೇ ವ್ಯಕ್ತಿ ಎಂದು ಒಪ್ಪಿಕೊಂಡು ಮುಂದೆ ಹೋಗುತ್ತಿದ್ದರು. ಯಂತ್ರ ಹಾಗೆ ಒಪ್ಪುವುದಿಲ್ಲ. ಅಪಾರ್ ಸಂಖ್ಯೆ ಪಡೆಯಲು ಕಾಲೇಜಿನ ದಾಖಲೆಯ ಹೆಸರು ಆಧಾರ್‌ನ ಹೆಸರಿಗೆ ತಾಳೆಯಾಗಬೇಕು. ಉಡುಪಿಯ ಶಾಲೆಯ ಪ್ರಮಾಣಪತ್ರದಲ್ಲಿ ಒಂದು ರೀತಿ, ಮುಂಬೈಯ ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ತಾಳೆ ತಪ್ಪುತ್ತದೆ. ಆಗ ಕ್ರೆಡಿಟ್ ಜಮೆಯಾಗುವುದಕ್ಕೂ ಅಡ್ಡಿ.

ಈ ಗೊಂದಲ ಸದ್ಯಕ್ಕೆ ಮುಗಿಯುವಂಥದ್ದಲ್ಲ. 2024ರ ಮೇ 1 ಅಥವಾ ನಂತರ ಹುಟ್ಟಿದವರ ಹೆಸರನ್ನು ಸರ್ಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕೆಂದು ಮಹಾರಾಷ್ಟ್ರ ಸರ್ಕಾರ ತೀರ್ಮಾನಿಸಿದೆ. ಮುಂದಿನ ವರ್ಷಗಳಲ್ಲಿ ಒಂದೇ ಮನೆಯ ಅಕ್ಕನಿಗೆ ಒಂದು ಕ್ರಮ, ತಮ್ಮನಿಗೆ ಇನ್ನೊಂದು ಕ್ರಮ ಇರುತ್ತದೆ.

ಭಾಷಾ ಅಲ್ಪಸಂಖ್ಯಾತ ಮೀಸಲಿನ ವಿಷಯವೂ ಇಲ್ಲಿ ಸೇರಿಕೊಳ್ಳುತ್ತದೆ. ಮಹಾರಾಷ್ಟ್ರದಲ್ಲಿ ಅಲ್ಪಸಂಖ್ಯಾತ ಮಾನ್ಯತೆ ಪಡೆದ ಸಂಸ್ಥೆಗಳ ಕಾಲೇಜುಗಳಲ್ಲಿ 11ನೇ ತರಗತಿಯ ಶೇ 50ರಷ್ಟು ಸೀಟು ಆಯಾ ಸಮುದಾಯಕ್ಕೆ. ಕನ್ನಡಿಗರ ಸಂಸ್ಥೆಯಲ್ಲಿ ಆ ಸೀಟು ಸಿಗಬೇಕಾದರೆ ಅರ್ಜಿಯ ಮಾತೃಭಾಷೆಯ ಕಲಂ ಸರಿಯಾಗಿರಬೇಕು. 2025ರಲ್ಲಿ 11ನೇ ತರಗತಿಯ ಆನ್‌ಲೈನ್ ಪ್ರವೇಶವನ್ನು ಇಡೀ ರಾಜ್ಯಕ್ಕೆ ವಿಸ್ತರಿಸಿದಾಗ ಮೇ 21ರ ಮೊದಲ ದಿನವೇ ಪೋರ್ಟಲ್ ಕೈಕೊಟ್ಟಿತು. ನೋಂದಣಿಯನ್ನು ಮೇ 26ಕ್ಕೆ ಮುಂದೂಡಬೇಕಾಯಿತು. ಪೋರ್ಟಲ್ ನಿಂತಾಗ ಎಲ್ಲರಿಗೂ ಗೊತ್ತಾಗುತ್ತದೆ, ಗಡುವು ಮುಂದೆ ಹೋಗುತ್ತದೆ. ಒಬ್ಬ ವಿದ್ಯಾರ್ಥಿಯ ಒಂದು ಕಲಂ ತಪ್ಪಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಕರ್ನಾಟಕದ ಯುಯುಸಿಎಂಎಸ್ ಹೇಳುವುದೇನು?

ಊರಿನ ಕಡೆ ನೋಡಿದರೆ ಅಲ್ಲೂ ಇದೇ ಕಥೆ. ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿ ಮಟ್ಟದಲ್ಲಿ ಕರ್ನಾಟಕ 2021-22ರಲ್ಲೇ ಜಾರಿಗೆ ತಂದಿತು. ಅದರ ಜತೆಗೇ ರಾಜ್ಯದ ವಿಶ್ವವಿದ್ಯಾಲಯಗಳಿಗೆಲ್ಲ ಒಂದೇ ಎನ್ನುವಂತೆ ಏಕೀಕೃತ ವಿಶ್ವವಿದ್ಯಾಲಯ ಮತ್ತು ಕಾಲೇಜು ನಿರ್ವಹಣಾ ವ್ಯವಸ್ಥೆ, ಅಂದರೆ ಯುಯುಸಿಎಂಎಸ್ ಬಂತು. ಪ್ರವೇಶದಿಂದ ಅಂಕಪಟ್ಟಿಯವರೆಗೆ ಎಲ್ಲವೂ ಅದರಲ್ಲೇ ಎಂಬುದು ಯೋಜನೆ.

ಆಶಯ ಒಳ್ಳೆಯದಿತ್ತು. ಆದರೆ ಹೊಸ ಪಠ್ಯಕ್ರಮ ಮತ್ತು ಹೊಸ ತಂತ್ರಾಂಶ ಒಟ್ಟಿಗೆ ಬಂದದ್ದರಿಂದ ದೋಷ ಯಾವುದರದ್ದು ಎಂದು ಹೇಳುವುದೇ ಕಷ್ಟವಾಯಿತು. ಸರ್ವರ್ ತೊಂದರೆ, ತಡವಾದ ಫಲಿತಾಂಶ, ಕೈಗೆ ಬಾರದ ಅಂಕಪಟ್ಟಿ ಎಂಬ ದೂರುಗಳೊಂದಿಗೆ ಹಲವು ವಿವಿಗಳ ವಿದ್ಯಾರ್ಥಿಗಳು ಬೀದಿಗಿಳಿದರು. 2024ರ ಮೇನಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಒಂದೇ ತಂತ್ರಾಂಶ ಈಗ ಎರಡು ಬಗೆಯ ಪಠ್ಯಕ್ರಮದ ವಿದ್ಯಾರ್ಥಿಗಳನ್ನು ಒಟ್ಟಿಗೆ ನೋಡಿಕೊಳ್ಳಬೇಕಾಯಿತು.

ಮಹಾರಾಷ್ಟ್ರವೂ ಪಠ್ಯಕ್ರಮ ಮತ್ತು ಪೋರ್ಟಲ್ ಎರಡನ್ನೂ ಒಂದೇ ಹೊತ್ತಿಗೆ ಬದಲಿಸಿದೆ. ಕರ್ನಾಟಕದ ಅನುಭವ ಮುಂಬೈಯ ಕಾಲೇಜುಗಳಿಗೆ ಮುಖ್ಯವಾಗುವುದು ಈ ಕಾರಣಕ್ಕೆ.

ಹಣವಿದ್ದವರೂ ಎಡವಿದ್ದಾರೆ

ಇದು ಭಾರತದ ಸರ್ವರ್ ಸಮಸ್ಯೆ ಮಾತ್ರ ಎಂದುಕೊಳ್ಳಬೇಕಿಲ್ಲ. ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯ 2022ರಲ್ಲಿ ‘ಪೀಪಲ್ ಅಂಡ್ ಮನಿ’ ಎಂಬ ಹೆಸರಿನಲ್ಲಿ ಒರಾಕಲ್ ಆಧಾರಿತ ಹಣಕಾಸು ವ್ಯವಸ್ಥೆಗೆ ಬದಲಾಯಿತು. ಸಂಶೋಧನಾ ವಿದ್ಯಾರ್ಥಿಗಳ ಶಿಷ್ಯವೇತನ ತಡವಾಯಿತು, ಸರಬರಾಜುದಾರರ ಬಿಲ್‌ಗಳು ಬಾಕಿ ಉಳಿದವು. ಶ್ರೀಮಂತ ವಿವಿ, ಜಗತ್ತಿನ ದೊಡ್ಡ ಕಂಪನಿಯ ತಂತ್ರಾಂಶ ಎರಡೂ ಇದ್ದರೂ ಪೆಟ್ಟು ಬಿದ್ದದ್ದು ತಿಂಗಳ ಹಣ ನೆಚ್ಚಿಕೊಂಡವರ ಮೇಲೆ.

ಹಾಗಾದರೆ ಬದಲಾವಣೆಯೇ ಬೇಡವೇ?

ಬೇಕು. ಹಳೆಯ ಪದ್ಧತಿ ಚೆನ್ನಾಗಿತ್ತು ಎಂದು ಯಾರೂ ಹೇಳಲಾರರು. ಒಂದು ಮೈಗ್ರೇಷನ್ ಪ್ರಮಾಣಪತ್ರಕ್ಕೆ ಹಲವು ಸಲ ಅಲೆದವರು, ಮಳೆಗಾಲದಲ್ಲಿ ನೆನೆದು ಹಾಳಾದ ಅಂಕಪಟ್ಟಿಗೆ ನಕಲು ಪ್ರತಿ ಕೇಳಿ ಕಾದವರು ಮುಂಬೈಯಲ್ಲಿ ಕಡಿಮೆಯಿಲ್ಲ. ಡಿಜಿಲಾಕರ್‌ನಲ್ಲಿ ಅಂಕಪಟ್ಟಿ ಸಿಕ್ಕರೆ ದುಬೈನಲ್ಲಿ ಕೆಲಸ ಸಿಕ್ಕವರು ದಾಖಲೆಗಾಗಿ ದಹಿಸರ್‌ಗೆ ಬರಬೇಕಿಲ್ಲ. ಖಾಸಗಿ ಕಂಪನಿಯ ಗುತ್ತಿಗೆ ಮುಗಿದಾಗಲೆಲ್ಲ ದಾಖಲೆ ಯಾರ ಬಳಿ ಉಳಿಯುತ್ತದೆ ಎಂಬ ಆತಂಕವೂ ಸಾರ್ವಜನಿಕ ತಂತ್ರಾಂಶದಲ್ಲಿ ಕಡಿಮೆ.

ಪ್ರಶ್ನೆ ಇರುವುದು ಬದಲಾವಣೆಯ ವಿಧಾನದಲ್ಲಿ. ಮೇಲಿನ ಮೂರೂ ಉದಾಹರಣೆಗಳಿಂದ ಕೆಲವು ಸರಳ ಅಂಶಗಳು ಹೊರಡುತ್ತವೆ.

* ಸಮಯ: ಪ್ರವೇಶ ಮತ್ತು ಪರೀಕ್ಷೆಯ ತಿಂಗಳುಗಳಲ್ಲಿ ಬದಲಾವಣೆ ಬೇಡ. 2017ರಲ್ಲಿ ಮುಂಬೈ ತಪ್ಪಿದ್ದು ಮೊದಲು ಇಲ್ಲೇ.

* ಜೋಡಿ ಓಟ: ಕನಿಷ್ಠ ಒಂದು ಸೆಮಿಸ್ಟರ್ ಹಳೆಯ ಮತ್ತು ಹೊಸ ವ್ಯವಸ್ಥೆ ಎರಡೂ ಜತೆಗೆ ನಡೆಯಬೇಕು. ಎರಡರ ಫಲಿತಾಂಶ ತಾಳೆ ನೋಡಿದ ಮೇಲೆಯೇ ಹಳೆಯದನ್ನು ನಿಲ್ಲಿಸಬೇಕು. ಸಿಬ್ಬಂದಿಗೆ ಇದು ಹೆಚ್ಚುವರಿ ಕೆಲಸ. ಅದಕ್ಕೆ ತಕ್ಕ ಜನ ಮತ್ತು ಹಣವನ್ನು ಮೊದಲೇ ಎತ್ತಿಡಬೇಕು.

* ವಿದ್ಯಾರ್ಥಿಯ ಒಪ್ಪಿಗೆ: ಸಾಗಿಸಿದ ದಾಖಲೆಯನ್ನು ಪ್ರತಿ ವಿದ್ಯಾರ್ಥಿಗೂ ತೋರಿಸಿ, ಹೆಸರು, ವಿಷಯ, ಅಂಕ ಸರಿಯಿದೆ ಎಂದು ಖಚಿತಪಡಿಸಿಕೊಳ್ಳಬೇಕು. ತಪ್ಪು ಹಾಲ್ ಟಿಕೆಟ್ ಬಂದ ದಿನ ಗೊತ್ತಾಗಬಾರದು.

* ತಿದ್ದುವ ಅಧಿಕಾರ: ಹೆಸರಿನ ಒಂದು ಅಕ್ಷರ ತಿದ್ದಲು ಕಲೀನಾಕ್ಕೆ ಹೋಗುವಂತಾಗಬಾರದು. ಕಾಲೇಜಿನ ಮಟ್ಟದಲ್ಲೇ ಯಾರು ತಿದ್ದಬಹುದು, ಎಷ್ಟು ದಿನದೊಳಗೆ ಎಂಬುದು ಲಿಖಿತವಾಗಿರಬೇಕು.

* ಗಡುವಿನ ರಕ್ಷಣೆ: ತಂತ್ರಾಂಶದ ದೋಷದಿಂದ ಅರ್ಜಿ ತಡವಾದರೆ ವಿಳಂಬ ಶುಲ್ಕ ಬೇಡ. ಫಲಿತಾಂಶ ತಡವಾದರೆ ಬೇರೆ ವಿವಿಗೆ ತೋರಿಸಬಹುದಾದ ತಾತ್ಕಾಲಿಕ ಪತ್ರವನ್ನು ಕಾಲೇಜೇ ಕೊಡಬೇಕು.

* ಮಾಹಿತಿಯ ಸುರಕ್ಷೆ: 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರ ಮಾಹಿತಿಗೆ ಹೆಚ್ಚಿನ ಕಾವಲು ಹಾಕಿದೆ. ಜೂನಿಯರ್ ಕಾಲೇಜು ಇರುವ ಸಂಸ್ಥೆಗಳಲ್ಲಿ ಇಂಥವರ ಸಂಖ್ಯೆ ದೊಡ್ಡದು. ಹಳೆಯ ಖಾಸಗಿ ತಂತ್ರಾಂಶದ ಕಂಪನಿಯ ಬಳಿ ಉಳಿದ ಪ್ರತಿಗಳು ಏನಾದವು ಎಂದು ಕೇಳುವ ಹೊಣೆ ಕಾಲೇಜಿನದು.

ವಿದ್ಯಾರ್ಥಿ, ಪೋಷಕರು ಈಗಲೇ ಮಾಡಬಹುದಾದದ್ದು

ವಿವಿ ಏನು ಮಾಡುತ್ತದೆ ಎಂದು ಕಾಯದೆ ಮನೆಯಲ್ಲೇ ಮುಗಿಸಬಹುದಾದ ಕೆಲಸಗಳಿವೆ. 10 ಮತ್ತು 12ನೇ ತರಗತಿಯ ಅಂಕಪಟ್ಟಿ, ಆಧಾರ್, ಕಾಲೇಜಿನ ದಾಖಲೆ, ಅಪಾರ್ ನಾಲ್ಕರಲ್ಲೂ ಹೆಸರು ಅಕ್ಷರಶಃ ಒಂದೇ ಇದೆಯೇ ನೋಡಬೇಕು. ವಿವಿಯ ಶಾಶ್ವತ ನೋಂದಣಿ ಸಂಖ್ಯೆಯನ್ನು (ಪಿಆರ್‌ಎನ್) ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳಬೇಕು. ಪ್ರತಿ ಸೆಮಿಸ್ಟರ್‌ನ ಅಂಕಪಟ್ಟಿ, ಹಾಲ್ ಟಿಕೆಟ್, ಶುಲ್ಕದ ರಸೀದಿಯ ಪ್ರತಿ ಇಟ್ಟುಕೊಳ್ಳಬೇಕು. ಎಟಿಕೆಟಿ ಬಾಕಿ ಇರುವವರು ಅರ್ಜಿಯ ಕೊನೆಯ ವಾರದವರೆಗೆ ಕಾಯದೆ, ಹೊಸ ಪೋರ್ಟಲ್‌ನಲ್ಲಿ ತಮ್ಮ ಹಳೆಯ ವಿಷಯ ಕಾಣುತ್ತಿದೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಬೇಕು. ದೂರು ಕೊಡುವುದಾದರೆ ಬಾಯಿಮಾತಿನಲ್ಲಿ ಬೇಡ. ಇ-ಮೇಲ್ ಇರಲಿ, ಅಥವಾ ಸ್ವೀಕೃತಿಯ ಸಹಿ ಇರುವ ಅರ್ಜಿ ಇರಲಿ. ಮುಂದೆ ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೂ ನೆರವಾಗುವುದು ಅದೇ ಕಾಗದ.

ಇಷ್ಟೆಲ್ಲ ಮಾಡಿದರೂ ಹೊಣೆ ವಿದ್ಯಾರ್ಥಿಯದಾಗುವುದಿಲ್ಲ. 2017ರಲ್ಲಿ ಕುಲಪತಿಯೊಬ್ಬರು ಹುದ್ದೆ ಕಳೆದುಕೊಂಡರು, ಆದರೆ ವಿದ್ಯಾರ್ಥಿಗಳ ಕೈತಪ್ಪಿದ ವರ್ಷಕ್ಕೆ ಉತ್ತರ ಸಿಗಲಿಲ್ಲ. ಎಂಟನೇ ವರ್ಷಕ್ಕೆ 11ನೇ ತರಗತಿಯ ಪೋರ್ಟಲ್ ಮೊದಲ ದಿನವೇ ನಿಂತಿತು. ಹೊಸ ತಂತ್ರಾಂಶದ ಉದ್ಘಾಟನೆಯ ದಿನಾಂಕ ಪ್ರಕಟಿಸುವ ಮುನ್ನ, ಅದು ನಿಂತುಹೋದ ದಿನ ದಹಿಸರ್‌ನ ಕೌಂಟರ್ ಮುಂದೆ ನಿಂತವರಿಗೆ ಉತ್ತರ ಕೊಡುವ ಅಧಿಕಾರಿ ಯಾರು ಎಂಬುದನ್ನು ವಿವಿ ಮತ್ತು ಸರ್ಕಾರ ಹೇಳಬೇಕು.